ಸೇತುವೆ ಬಂತು, ಕೂಲಿಕಾರನ ಮತ ಮಾತ್ರ ದಾಟಲಿಲ್ಲ

ಮತದಾನವು ಪ್ರಜೆಯ ಪವಿತ್ರ ಕರ್ತವ್ಯವೆಂದು ಚುನಾವಣೆ ಬಂದಾಗಲೆಲ್ಲ ನಮಗೆ ಉಪದೇಶ ನಡೆಯುತ್ತದೆ. ಉಪದೇಶ ಮಾಡುವ ಮಹನೀಯರನ್ನು ನಾವು ಒಂದು ಮಾತು ಕೇಳಬಯಸುತ್ತೇವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳದ ಗಿರಣಿಯಲ್ಲಿ ದುಡಿಯುವವನು ಈ ಪವಿತ್ರ ಕರ್ತವ್ಯವನ್ನು ಎಲ್ಲಿ ನಿಂತು ಮಾಡಬೇಕು?

ಸಾಗರ ತಾಲ್ಲೂಕಿನ ತುಮರಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಿತು. ಗದ್ದೆ ಹೋಯಿತು, ತೋಟ ಹೋಯಿತು, ಮನೆ ಹೋಯಿತು. ನಾಡಿಗೆ ಬೆಳಕು ಬಂತು; ತುಮರಿ ಸೀಮೆ ನಡುಗಡ್ಡೆಯಂತಾಯಿತು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಲಾಂಚೇ ಅಲ್ಲಿಯ ಜನಕ್ಕೆ ದಾರಿ. ದಶಕಗಳ ಕಾಲ ಮೊರೆಯಿಟ್ಟ ಮೇಲೆ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ನಮಗೂ ಸಂತೋಷವೇ. ಈಗ ಬಸ್ಸು ದಾಟುತ್ತದೆ, ಕಾರು ದಾಟುತ್ತದೆ, ಸಿಗಂದೂರಿನ ಯಾತ್ರಿಕರು ದಾಟುತ್ತಾರೆ. ಬೆಂಗಳೂರಿನ ಬಟ್ಟೆ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಶಿವಮೊಗ್ಗದ ಅಕ್ಕಿ ಗಿರಣಿಯಲ್ಲೋ ಇರುವ ತುಮರಿಯ ಮಗನ ಮತ ಮಾತ್ರ ದಾಟುವುದಿಲ್ಲ. ಪಂಚಾಯಿತಿ ಚುನಾವಣೆ ಬಂದರೆ ಅವನು ಒಂದೆರಡು ದಿನದ ಕೂಲಿ ಕಳೆದುಕೊಂಡು, ಬಸ್ಸಿನ ಹಣ ತೆತ್ತು, ರಾತ್ರಿಯೆಲ್ಲ ಕೂತು ಬರಬೇಕು. ಇಲ್ಲವೇ ಸುಮ್ಮನಿರಬೇಕು. ಸಾಗರದ ನಗರಸಭೆಯ ವಾರ್ಡಿನಲ್ಲಿ ಹೆಸರಿದ್ದು, ಸಂತೆ ಜಾತ್ರೆಗಳಲ್ಲಿ ಸರಕು ಹರಡಿ ಊರೂರು ಅಲೆಯುವ ಸಣ್ಣ ವ್ಯಾಪಾರಿಯ ಪಾಡೂ ಇದೇ.

ಹಾಗಾದರೆ ಅಂಚೆಯ ಮೂಲಕ ಮತ ಹಾಕುವ ಪದ್ಧತಿ ಈ ದೇಶದಲ್ಲಿ ಇಲ್ಲವೇ? ಉಂಟು. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ಸೈನಿಕನಿಗೆ ಉಂಟು. ಆತ ಗಡಿ ಕಾಯುವವನು, ಕೊಟ್ಟಿದ್ದು ನ್ಯಾಯ. ಚುನಾವಣಾ ಕೆಲಸಕ್ಕೆ ಹೋದ ಸರ್ಕಾರಿ ನೌಕರನಿಗೆ ಉಂಟು, ಅದೂ ನ್ಯಾಯವೇ. ಮುನ್ನೆಚ್ಚರಿಕೆಯ ಬಂಧನದಲ್ಲಿ ಸೆರೆಮನೆ ಸೇರಿದವನಿಗೂ ಉಂಟು. ಅವನಿಗೆ ಕೊಟ್ಟದ್ದನ್ನು ನಾವು ಕಿತ್ತುಕೊಳ್ಳಿ ಎನ್ನುವುದಿಲ್ಲ. ಆದರೆ ಈ ಕಾನೂನಿನ ಚೋದ್ಯವನ್ನು ಓದುಗರು ಗಮನಿಸಬೇಕು. ಸರ್ಕಾರವೇ ಹಿಡಿದು ಕೂಡಿಹಾಕಿದವನ ಬಳಿಗೆ ಮತಪತ್ರ ನಡೆದು ಹೋಗುತ್ತದೆ. ಬಡತನ ಹಿಡಿದು ಕೂಡಿಹಾಕಿದವನ ಬಳಿಗೆ ಹೋಗುವುದಿಲ್ಲ!

2019ರಲ್ಲಿ ನಿಯಮ ತಿದ್ದಿ 'ಗೈರುಹಾಜರಿ ಮತದಾರ' ಎಂಬ ಹೊಸ ವರ್ಗವನ್ನು ಸೇರಿಸಿದರು. ಹೆಸರು ಕೇಳಿ ಕೂಲಿಕಾರ ಹಿಗ್ಗಬೇಕಾಗಿಲ್ಲ. ಆ ವರ್ಗದಲ್ಲಿ ಇರುವವರು 80 ದಾಟಿದ ವೃದ್ಧರು, ಅಂಗವಿಕಲರು, ಆಯೋಗವು ಹೆಸರಿಸಿದ ಅಗತ್ಯ ಸೇವೆಯವರು. 2024ರಲ್ಲಿ 80 ಎಂಬುದನ್ನು 85ಕ್ಕೆ ಏರಿಸಿದ್ದೂ ಆಯಿತು. ಇವರಲ್ಲಿ ವೃದ್ಧರೂ ಅಂಗವಿಕಲರೂ ಚುನಾವಣಾ ಅಧಿಸೂಚನೆ ಹೊರಟ 5 ದಿನಗಳೊಳಗೆ 12ಡಿ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಅಧಿಕಾರಿಗಳು ಮನೆಗೇ ಹೋಗಿ ಮತ ಪಡೆಯುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಇದು ಲೋಕಸಭೆ, ವಿಧಾನಸಭೆಗಳಿಗಾಗಿ 1961ರ ನಿಯಮಗಳಲ್ಲಿ ಬರೆದಿಟ್ಟದ್ದು. ಪಂಚಾಯಿತಿಗೂ ನಗರಸಭೆಗೂ ತಾನಾಗಿ ಬಂದು ಅನ್ವಯಿಸುವುದಿಲ್ಲ. ಊರ ನೀರು, ಬೀದಿ ದೀಪ, ನಿವೇಶನದ ಪಟ್ಟಿ, ಸಂತೆ ಸುಂಕ ಇವನ್ನೆಲ್ಲ ನಿರ್ಣಯಿಸುವ ಚುನಾವಣೆಗೆ ಬೇರೆಯೇ ಕಾನೂನು.

ಇಲ್ಲಿಯೇ ನಮ್ಮ ಮುಖ್ಯ ಮಾತಿದೆ. ಲೋಕಸಭೆಯ ವಿಷಯ ಎತ್ತಿದರೆ ಬೆಂಗಳೂರಿನವರು ದೆಹಲಿಯ ಕಡೆ ಬೆರಳು ತೋರಿಸಬಹುದು. ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಆ ನೆಪವೂ ಇಲ್ಲ. ಸಂವಿಧಾನದ 243ಕೆ ಮತ್ತು 243ಝಡ್‌ಎ ವಿಧಿಗಳು ಪಂಚಾಯಿತಿ, ನಗರಸಭೆಗಳ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿವೆ. ಅದಕ್ಕೆ ಬೇಕಾದ ಕಾನೂನು ಮಾಡುವ ಅಧಿಕಾರವನ್ನು ರಾಜ್ಯದ ಶಾಸನಸಭೆಗೆ ಕೊಟ್ಟಿವೆ. ಮನಸ್ಸಿದ್ದರೆ ನಮ್ಮ ಶಾಸಕರೇ ಮಾಡಬಹುದು. ಬಡ ರಾಜ್ಯವೆಂದು ನಾವು ಮೂಗು ಮುರಿಯುವ ಬಿಹಾರವು 2025ರ ಜೂನ್ 28ರಂದು ಕೆಲವು ಪಟ್ಟಣಗಳ ಪುರಸಭೆ ಚುನಾವಣೆಯಲ್ಲಿ, ದುಡಿಯಲು ಹೊರಗೆ ಹೋದವರೂ ಸೇರಿದಂತೆ ಮತಗಟ್ಟೆಗೆ ಬರಲಾಗದವರಿಗೆ ಮೊಬೈಲಿನಲ್ಲಿ ಮತ ಹಾಕಲು ಬಿಟ್ಟಿತು. ಬ್ರಿಟನ್ನಿನಲ್ಲಿ ಕಾರಣ ಹೇಳದೆಯೇ ಅಂಚೆ ಮತಕ್ಕೆ ಅರ್ಜಿ ಹಾಕಬಹುದು, ಪುರಸಭೆಗೂ ಹಾಕಬಹುದು. ಕರ್ನಾಟಕಕ್ಕೆ ಯಾವ ಅಡ್ಡಿ?

ಅಡ್ಡಿಗಳ ಪಟ್ಟಿ ಅಧಿಕಾರಿಗಳ ಮೇಜಿನ ಮೇಲೆ ಸಿದ್ಧವಾಗಿಯೇ ಇರುತ್ತದೆ. 'ದುಡಿಯುವ ಊರಿನಲ್ಲೇ ಹೆಸರು ಬರೆಸಿಕೊಳ್ಳಲಿ' ಎನ್ನುತ್ತಾರೆ. ಒಂದು ಕೋಣೆಯಲ್ಲಿ ಆರು ಜನ ಮಲಗುವವನಿಗೆ ಬಾಡಿಗೆ ಪತ್ರ ಬರೆದುಕೊಡುವ ಮನೆಯೊಡೆಯ ಯಾರು? ಅವನ ಹೆಂಡತಿ ಮಕ್ಕಳು, ಪಡಿತರ ಚೀಟಿ, ಇನ್ನೂ ಹಕ್ಕುಪತ್ರಕ್ಕಾಗಿ ಕಾದಿರುವ ತುಂಡು ಭೂಮಿ ಎಲ್ಲವೂ ತುಮರಿಯಲ್ಲಿ. ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಊರಿನ ವಾಸ ತಪ್ಪುವುದಿಲ್ಲವೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯೇ ಹೇಳುತ್ತದೆ. ಹೆಸರು ಪಟ್ಟಿಯಲ್ಲಿ ಇರಲಿ, ಮತ ಮಾತ್ರ ಬೇಡವೆಂದರೆ ಅದು ಯಾವ ನ್ಯಾಯ?

'ಸಮಯ ಸಾಲದು' ಎನ್ನುತ್ತಾರೆ. ಸೈನಿಕರಿಗೆ 2016ರಿಂದ ಮತಪತ್ರವನ್ನು ಮಿಂಚಿನ ವೇಗದಲ್ಲಿ ಕಂಪ್ಯೂಟರಿನ ಮೂಲಕವೇ ಕಳಿಸುತ್ತಿದ್ದಾರೆ. ಆ ವಿದ್ಯೆ ಕೂಲಿಕಾರನ ಮುಂದೆ ಬಂದೊಡನೆ ಮರೆತುಹೋಗುತ್ತದೆಯೇ?

ಮೂರನೆಯ ಅಡ್ಡಿಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮತಪತ್ರ ಕೈಗೆ ಬಂದರೆ ಧಣಿಯೋ ಮೇಸ್ತ್ರಿಯೋ ಎದುರು ಕೂರಿಸಿಕೊಂಡು ಗುರುತು ಹಾಕಿಸಬಹುದು. ಈ ಭಯ ನಿಜ. ಮೊಬೈಲಿನ ಮತಕ್ಕೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಆದ್ದರಿಂದ ನಾವು ಮೊಬೈಲನ್ನೂ ಕೇಳುತ್ತಿಲ್ಲ, ಗಿರಣಿಯ ವಿಳಾಸಕ್ಕೆ ಮತಪತ್ರ ಕಳಿಸಿ ಎಂದೂ ಕೇಳುತ್ತಿಲ್ಲ. ಚುನಾವಣಾ ಕೆಲಸದ ನೌಕರರಿಗಾಗಿ ಸೌಲಭ್ಯ ಕೇಂದ್ರ ತೆರೆದು, ಮರೆಯೊಳಗೆ ಗುರುತು ಹಾಕಿಸಿ ಲಕೋಟೆ ಮುಚ್ಚಿಸುವ ಕ್ರಮ ಈಗಾಗಲೇ ಇದೆ. ಅದೇ ಕೇಂದ್ರದ ಬಾಗಿಲನ್ನು ಕೂಲಿಕಾರನಿಗೂ ತೆರೆಯಿರಿ.

ರಜೆ ಕೊಡುತ್ತೇವಲ್ಲ ಎನ್ನುವವರಿಗೂ ಉತ್ತರವಿದೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆನ್ನುವ 1951ರ ಕಾಯಿದೆಯ 135ಬಿ ಕಲಮು ಹೆಸರಿಸುವುದು ಲೋಕಸಭೆ, ವಿಧಾನಸಭೆಗಳನ್ನು ಮಾತ್ರ. ಅದರಲ್ಲಿಯೂ ಹೋಗಿ ಬರುವ ದಿನದ ಮಾತಿಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಒಂದೇ ಒಂದು ಮತದಿಂದ ನಿರ್ಣಯವಾಯಿತು. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೇ ಅಂದು ಕೆಲಸದಿಂದ ಬಿಡುವಾಗದೆ ಮತ ಹಾಕಲಾಗಲಿಲ್ಲವೆಂದು ಪತ್ರಿಕೆಗಳು ಬರೆದಿವೆ. ಬೆರಳೆಣಿಕೆಯ ಮತಗಳಲ್ಲಿ ಸೋಲು ಗೆಲುವು ಆಗುವ ಪಂಚಾಯಿತಿಯಲ್ಲಿ ಹೊರಗಿರುವ ದುಡಿಯುವವರ ಮತ ಏನೆಲ್ಲ ಮಾಡೀತೆಂದು ಬಿಡಿಸಿ ಹೇಳಬೇಕೆ?

ಆ ಲೆಕ್ಕ ಬಲ್ಲವರು ಬಲ್ಲರು. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಗಾಗಿ ಎದ್ದು ನಿಂತರು. 1952ರಲ್ಲಿ ಅದೇ ಬಡಜನ ಮತಪೆಟ್ಟಿಗೆಯ ಮುಂದೆ ನಿಂತು ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅಂದು ಅವರು ಊರಿನಲ್ಲಿದ್ದರು. ಇಂದು ಅವರ ಮೊಮ್ಮಕ್ಕಳನ್ನು ಹೊಟ್ಟೆಪಾಡು ಚೆದುರಿಸಿದೆ. ಚೆದುರಿದವರ ಮತ ಬೀಳದಿದ್ದರೆ ಊರಿನಲ್ಲೇ ಉಳಿದ ಉಳ್ಳವರಿಗೆ ನಷ್ಟವೇನಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಪಂಚಾಯಿತಿ ಮತ್ತು ನಗರಸಭೆ ಚುನಾವಣೆಗಳ ನಿಯಮ ತಿದ್ದಿ, ಕೆಲಸದ ನಿಮಿತ್ತ ಹೊರಗಿರುವ ಪ್ರತಿಯೊಬ್ಬ ಮತದಾರನಿಗೂ ಅರ್ಜಿ ಹಾಕಿ ಅಂಚೆ ಮತ ಪಡೆಯುವ ಹಕ್ಕು ಕೊಡಬೇಕು. ಅರ್ಜಿ ಕನ್ನಡದಲ್ಲಿರಬೇಕು, ತಾಲ್ಲೂಕು ಕಚೇರಿಯಲ್ಲಿ ತೆಗೆದುಕೊಂಡು ರಶೀದಿ ಕೊಡಬೇಕು. ಗುರುತು ಹಾಕುವ ಜಾಗ ಸರ್ಕಾರಿ ಕೇಂದ್ರವಾಗಿರಬೇಕು. ಅಂಚೆ ಮತ ಪಡೆದವರ ಪಟ್ಟಿಯನ್ನು ಎಲ್ಲ ಅಭ್ಯರ್ಥಿಗಳಿಗೂ ಕೊಡಬೇಕು. ಇದಾಗುವ ತನಕ ಪ್ರಯಾಣದ ದಿನವೂ ಸೇರಿ ಸಂಬಳದ ರಜೆ ಕೊಡಬೇಕು.

ಗಿರಣಿ ಬಂಧುಗಳೇ, ಅಂಗಡಿ ಗಾಡಿಗಳ ಮಿತ್ರರೇ! ಮುಂದಿನ ಸಂಘದ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸಿರಿ. ಊರಿನಲ್ಲಿರುವವರು ಗ್ರಾಮಸಭೆಯಲ್ಲಿ ಎತ್ತಿರಿ. ಠರಾವಿನ ಪ್ರತಿ ನಿಮ್ಮ ಶಾಸಕರಿಗೂ ರಾಜ್ಯ ಚುನಾವಣಾ ಆಯೋಗಕ್ಕೂ ಹೋಗಲಿ. ಮತ ಕೇಳಲು ಬರುವವನನ್ನು ಅಂಗಳದಲ್ಲೇ ನಿಲ್ಲಿಸಿ, 'ನಮ್ಮ ಮಗನ ಮತ ಬರುವ ದಾರಿ ಯಾವುದು?' ಎಂದು ಕೇಳಿರಿ. ತುಮರಿಯ ಜನ ಕೇಳಿ ಕೇಳಿಯೇ ಸೇತುವೆ ಪಡೆದರು. ಈ ಹಕ್ಕನ್ನೂ ಕೇಳಿಯೇ ಪಡೆಯಬೇಕು. ಆದರೆ ಇದಕ್ಕೆ ಇನ್ನೊಂದು ಅರವತ್ತು ವರ್ಷ ಕಾಯಲು ನಾವು ಸಿದ್ಧರಿಲ್ಲ.