ನಾದಗುಣಕ್ಕೆ ಒಂದು ವ್ಯಾಖ್ಯೆ ಸಾಲದು

ಒಂಬತ್ತನೇ ತರಗತಿಯ ‘ಶಬ್ದ’ ಪಾಠದಲ್ಲಿ ಸ್ಥಾಯಿ ಮತ್ತು ಗಟ್ಟಿತನವನ್ನು ತರಂಗಚಿತ್ರ ಬರೆದು ವಿವರಿಸುತ್ತೇವೆ. ನಾದಗುಣದ ಸರದಿ ಬಂದಾಗ ವ್ಯಾಖ್ಯೆ ಹೇಳಿ, ಕೊಳಲು–ಪಿಟೀಲಿನ ಉದಾಹರಣೆ ಕೊಟ್ಟು ಮುಂದೆ ಸಾಗುವುದು ರೂಢಿ. ಉದಾಹರಣೆ ಸರಿಯೇ. ಆದರೆ ಅಲ್ಲಿ ಕಂಪಿಸುವ ವಸ್ತು, ವಾದ್ಯದ ಆಕಾರ, ನುಡಿಸುವ ಬಗೆ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ವ್ಯತ್ಯಾಸ ಕಿವಿಗೆ ಸಿಗುತ್ತದೆ, ಕಾರಣ ಬುದ್ಧಿಗೆ ಸಿಗುವುದಿಲ್ಲ. ಒಂದು ಅಂಶವನ್ನಷ್ಟೇ ಬದಲಿಸಿ ತೋರಿಸಬಲ್ಲ ಉದಾಹರಣೆ ಬೇಕು. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್ ಅಂಥದ್ದು ಎಂಬುದು ನನ್ನ ಅಭಿಪ್ರಾಯ.

ಸಂಕೇತವು ಆಂಪ್ಲಿಫೈಯರಿನ ಮಿತಿ ಮೀರಿದಾಗ ತರಂಗದ ಶೃಂಗ ಚಪ್ಪಟೆಯಾಗುತ್ತದೆ. 440 ಹರ್ಟ್ಸ್‌ನ ಶುದ್ಧ ಸ್ವರದ ಮೇಲಿನ ಮತ್ತು ಕೆಳಗಿನ ಶೃಂಗಗಳು ಸಮನಾಗಿ ಕತ್ತರಿಸಿದರೆ 1320, 2200 ಹರ್ಟ್ಸ್‌ನ ಸ್ವರಗಳೂ ಸೇರಿಕೊಳ್ಳುತ್ತವೆ. ಒಂದೇ ಕಡೆ ಕತ್ತರಿಸಿದರೆ 880 ಕೂಡ ಬರುತ್ತದೆ. ಸ್ಥಾಯಿ ಅದೇ, ನಾದಗುಣ ಬೇರೆ. ಹಾಡು ಕೇಳುವ ಸ್ಪೀಕರಿನಲ್ಲಿ ಇದು ದೋಷ. ರಾಕ್ ಗಿಟಾರಿನಲ್ಲಿ ಇದೇ ಬೇಕಾದ ದನಿ.

ಬಿಡಿಭಾಗಗಳ ಪಾತ್ರಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಮತ್ತು ಸಂಗಡಿಗರು ಅಮೆರಿಕದ ಫೆಂಡರ್ ಬಾಸ್‌ಮನ್‌ನ ಮಂಡಲವನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸಿ ಜೆಟಿಎಂ45 ತಯಾರಿಸಿದರು. ಆದರೆ ಮೊದಲ ಹಂತಕ್ಕೆ ಹೆಚ್ಚು ವರ್ಧಿಸುವ ವಾಲ್ವ್ ಹಾಕಿದರು. ಹಿಂಬದಿ ತೆರೆದ ಪೆಟ್ಟಿಗೆಯ 10 ಇಂಚಿನ ನಾಲ್ಕು ಸ್ಪೀಕರುಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕನ್ನು ಇಟ್ಟರು. ಹುಟ್ಟಿದ್ದು ಬೇರೆಯದೇ ದನಿ.

ತರಗತಿಗೆ ವಾಲ್ವ್ ಆಂಪ್ಲಿಫೈಯರ್ ಬೇಡ. ಅದರೊಳಗೆ 300 ವೋಲ್ಟಿಗೂ ಹೆಚ್ಚು ಇರಬಹುದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಆವೇಶ ಉಳಿದಿರಬಹುದು. ಒಂದು 9 ವೋಲ್ಟ್ ಬ್ಯಾಟರಿ, ಒಂದು ಆಪ್-ಆಂಪ್ ಐಸಿ, ಕೆಲವು ರೋಧಕಗಳು, ಎರಡು ಸಿಲಿಕಾನ್ ಡಯೋಡ್ ಸಾಕು. ಮೊಬೈಲಿನಿಂದ 440 ಹರ್ಟ್ಸ್ ಸ್ವರ ಕೊಟ್ಟು, ಅದನ್ನು ಸುಮಾರು 2 ವೋಲ್ಟಿಗೆ ವರ್ಧಿಸಿ, ರೋಧಕವೊಂದರ ಮೂಲಕ ಹಾಯಿಸಿ ಸ್ಪೀಕರ್ ಸೆಟ್ಟಿಗೆ ಕೊಡಬೇಕು. ರೋಧಕದ ಆಚೆ ತುದಿಯಿಂದ ಗ್ರೌಂಡಿಗೆ ಎರಡು ಡಯೋಡುಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿದರೆ ಶೃಂಗಗಳು ಸುಮಾರು 0.7 ವೋಲ್ಟಿನ ಬಳಿ ಕತ್ತರಿಸುತ್ತವೆ. ಡಯೋಡ್ ಇಲ್ಲದೆ, ಎರಡು ಇಟ್ಟು, ಒಂದನ್ನು ತೆಗೆದು: ಮೂರು ಬಾರಿ ಕೇಳಿಸಬಹುದು. ಪ್ರತಿ ಬಾರಿಯೂ ಸ್ಪೀಕರಿನ ವಾಲ್ಯೂಮ್ ತಿರುಗಿಸಿ ಗಟ್ಟಿತನ ಸಮ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಮಕ್ಕಳು ‘ಒಂದು ಜೋರು, ಒಂದು ಮೆಲ್ಲಗೆ’ ಎನ್ನುತ್ತಾರೆ, ಅದು ಸರಿಯಾದ ಉತ್ತರವೇ ಆಗಿರುತ್ತದೆ.

ಗಿಟಾರ್ ನಮ್ಮ ಮಕ್ಕಳಿಗೆ ದೂರದ ವಾದ್ಯ ಎಂಬ ಆಕ್ಷೇಪ ಬರಬಹುದು. ಗಣೇಶನ ಪೆಂಡಾಲಿನ ಧ್ವನಿವರ್ಧಕ ದನಿ ಏರಿಸಿದಾಗ ‘ಒಡೆಯುವುದು’ ಎಲ್ಲರಿಗೂ ಗೊತ್ತು. ಅಲ್ಲಿಂದ ಶುರು ಮಾಡಿದರಾಯಿತು. ಡಯೋಡ್ ಒಂಬತ್ತನೇ ತರಗತಿಯ ವಿಷಯವಲ್ಲ ಎಂಬ ಮಾತೂ ನಿಜ. ಅದನ್ನು ‘ಶೃಂಗ ಕತ್ತರಿಸುವ ಭಾಗ’ ಎಂದಷ್ಟೇ ಹೇಳಿದರೆ ಪಾಠ ನಿಲ್ಲುವುದಿಲ್ಲ.

ಒಂದು ಅವಧಿ ಹೆಚ್ಚು ಬೇಕಾದೀತು. ಆದರೆ ಘಟಕ ಪರೀಕ್ಷೆಯ ಪ್ರಶ್ನೆ ಆಗ ‘ನಾದಗುಣ ಎಂದರೇನು?’ ಎಂದಷ್ಟೇ ಇರಬೇಕಿಲ್ಲ. ‘ಮೂರು ದನಿಗಳಲ್ಲಿ ಬದಲಾದದ್ದು ಯಾವುದು, ಬದಲಾಗದೆ ಉಳಿದದ್ದು ಯಾವುದು?’ ಎಂದು ಕೇಳಬಹುದು. ಇದಕ್ಕೆ ಬಾಯಿಪಾಠದ ಉತ್ತರ ಇಲ್ಲ.