ದೋಣಿಗೂ ಒಂದು ಮಣೆ ಹಾಕಿ

'ಮಣೆ ಹಾಕುವುದು' ಎಂದರೆ ನಮ್ಮ ಭಾಷೆಯಲ್ಲಿ ಗೌರವ ಕೊಡುವುದು ಎಂದೇ ಅರ್ಥ. ಬಂದ ನೆಂಟರಿಗೆ ಮಣೆ, ಮದುಮಕ್ಕಳಿಗೆ ಮಣೆ, ಪೂಜೆಗೆ ಕೂತ ಭಟ್ಟರಿಗೆ ಮಣೆ. ಯಾರಿಗೆ ಎಂಥ ಮಣೆ, ಎಷ್ಟು ಎತ್ತರದ್ದು, ಎಲ್ಲಿ ಹಾಕಿದ್ದು ಎಂದು ನೋಡಿದರೆ ಸಾಕು, ಆ ಮನೆಯ ಚರಿತ್ರೆಯನ್ನೇ ಬರೆದುಬಿಡಬಹುದು. ನಮ್ಮ ಕರಾವಳಿಯ ಹಳೆಯ ಮನೆಗಳ ಚಾವಡಿಯಲ್ಲಿ ಯಜಮಾನರಿಗೊಂದು ಆರಾಮ ಕುರ್ಚಿ ಇರುತ್ತಿತ್ತು. ಅದರ ಕೈಗಳು ಎಷ್ಟು ಉದ್ದವೆಂದರೆ ಊಟವಾದ ಮೇಲೆ ಅವುಗಳ ಮೇಲೆ ಕಾಲು ಚಾಚಿ ನಿದ್ದೆ ಹೋಗಬಹುದಿತ್ತು. ಅದೇ ಮನೆಯ ಅಡುಗೆಕೋಣೆಯಲ್ಲಿ, ಬಹುಶಃ ಅದೇ ಹಲಸಿನ ಮರದ ಉಳಿದ ತುಂಡಿನಿಂದ ಮಾಡಿದ, ಎರಡು ಇಂಚು ಎತ್ತರದ ಮಣೆಯೊಂದು ಹೆಂಗಸರ ಪಾಲಿಗೆ. ಕುರ್ಚಿ ಮಾಡಿದ ಆಚಾರಿಯೇ ಮಣೆಯನ್ನೂ ಮಾಡಿದ್ದು. ಸೊಂಟಕ್ಕೆ ಏನು ಬೇಕು ಎಂಬುದು ಅವರಿಗೆ ತಿಳಿಯದೆ ಅಲ್ಲ. ಅದು ಯಾರ ಸೊಂಟ ಎಂಬುದೂ ತಿಳಿದಿತ್ತು, ಅಷ್ಟೆ.

ಅಡುಗೆಮನೆಯ ಮಾತು ಈಗ ಹಳತಾಯಿತು. ಕಟ್ಟೆ ಎದ್ದಿತು, ಗ್ಯಾಸ್ ಬಂದಿತು, ಮಿಕ್ಸಿ ಬಂದಿತು. ಆದರೆ ಆ ಎರಡು ಇಂಚಿನ ಮಣೆಯೂ ಇನ್ನೂ ಬಾರದ ಜಾಗವೊಂದು ನಮ್ಮ ಊರುಗಳಲ್ಲಿ ಉಳಿದಿದೆ. ಅದು ನಮ್ಮ ಹೊಳೆಗಳ ಸಣ್ಣ ದೋಣಿ.

ಕುಂದಾಪುರದ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಪಂಚಗಂಗಾವಳಿ ಎಂದು ನಾವು ಹೆಮ್ಮೆಯಿಂದ ಹೇಳುವ ನೀರು ಅದು: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಲ್ಲ ಗಂಗೊಳ್ಳಿಯ ಅಳಿವೆಗೆ ಬಂದು ಸೇರುವ ಜಾಗ. ಕೆಳಗೆ ಬ್ರಹ್ಮಾವರದ ಕಡೆ ಸೀತೆ, ಸುವರ್ಣೆಯರು ಕೋಡಿಬೆಂಗ್ರೆಯ ಹತ್ತಿರ ಕಡಲಿಗಿಳಿಯುತ್ತಾರೆ. ಈ ನೀರಿನ ನಡುವೆ ಕುದ್ರುಗಳು. ಉಪ್ಪಿನಕುದ್ರುವಿನಂಥ ದೊಡ್ಡ ಕುದ್ರುಗಳಿಗೆ ಈಗ ರಸ್ತೆ ಹೋಗಿದೆ, ನಿಜ. ಆದರೂ ಕಪ್ಪೆಚಿಪ್ಪು ಹೆಕ್ಕಲು, ಆಚೆ ದಡದಿಂದ ಹುಲ್ಲು ಕೊಯ್ದು ತರಲು, ತೆಂಗಿನಕಾಯಿ ಸಾಗಿಸಲು ಸಣ್ಣ ದೋಣಿಯೇ ಬೇಕು. ಹುಟ್ಟು ಹಾಕುವವರಲ್ಲಿ ಹೆಂಗಸರು ಕಡಿಮೆಯೇನಲ್ಲ. ಅವರು ಹೇಗೆ ಕೂತಿರುತ್ತಾರೆ ಎಂಬುದನ್ನು ಮಾತ್ರ ಬಸ್ಸಿನಿಂದ ಕಾಣಲಾಗದು. ಹತ್ತಿರ ಹೋಗಿ ನೋಡಬೇಕು.

ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಇಲ್ಲವೆ ದೋಣಿಯ ತಳದಲ್ಲಿ ನಿಂತ ನೀರಿನಲ್ಲೇ ಕಾಲು ಮಡಚಿ ಕೂತಿರುತ್ತಾರೆ. ಎಷ್ಟು ಮೊಗೆದು ಚೆಲ್ಲಿದರೂ ಅಲ್ಲಿ ಎರಡು ಬೆರಳು ನೀರು ಉಳಿದೇ ಇರುತ್ತದೆ, ಅದೂ ಉಪ್ಪುನೀರು. ಸೀರೆ ತೊಡೆಗೆ ಅಂಟುತ್ತದೆ, ಚರ್ಮ ಉರಿಯುತ್ತದೆ. ಮುಟ್ಟಿನ ದಿನಗಳಲ್ಲಿ ಏನು ಪಾಡು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಳಿತದ ಹೊತ್ತಿಗೆ ಸೊಂಟ ಬಗ್ಗಿಸಿ ಚಿಪ್ಪು ಹೆಕ್ಕಿದ ಬೆನ್ನು ಅದು. ಮನೆಗೆ ಹಿಂದಿರುಗುವ ಅರ್ಧ ಗಂಟೆಯಾದರೂ ಅದಕ್ಕೆ ಒಂದು ಆಸರೆ ಬೇಡವೆ?

ನಮ್ಮ ಕುಟುಂಬಕ್ಕೂ ಹೊಳೆಯ ಆಚೆ ಒಂದು ತುಂಡು ತೋಟವಿದೆ, ಒಂದು ದೋಣಿಯಿದೆ. ಅದನ್ನು ನಡೆಸುವವರು ನನ್ನ ಅತ್ತಿಗೆ. ಅವರಿಗೆ ಕೂರಲು ಒಂದು ಒಳ್ಳೆಯ ಮರದ ಪೀಠ ಮಾಡಿಸೋಣವೆಂದು ನಾನು ಆಚಾರಿಯೊಬ್ಬರನ್ನು ಕೇಳಿದೆ. ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲೂ. ನಕ್ಕರು. "ಹೆಂಗ್ಸ್ರಿಗೆ ದೋಣಿಯಂಗೂ ಕುರ್ಚಿ ಬೇಕಾ ಅಮ್ಮ? ಜನ ನೆಗಾಡ್ತ್ರ್" ಎಂದರು. ನಾನು ಬಿಡದೆ ಇದ್ದಾಗ ಒಂದೊಂದಾಗಿ ಕಾರಣಗಳು ಹೊರಬಂದವು. ಆಮೇಲೆ ಬೇರೆಯವರ ಬಾಯಲ್ಲೂ ಇವೇ ಕಾರಣಗಳನ್ನು ಕೇಳಿದ್ದೇನೆ. ಆದುದರಿಂದ ಇದು ಅವರೊಬ್ಬರ ಮೇಲಿನ ದೂರಲ್ಲ. ಕಾರಣಗಳ ಮೇಲೆ ನನ್ನ ಜಗಳ.

ಮೊದಲನೆಯದು, ಎತ್ತರದಲ್ಲಿ ಕೂತರೆ ದೋಣಿ ಮಗುಚುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಭಾರ ಮೇಲೆ ಹೋದಷ್ಟೂ ದೋಣಿ ಓಲಾಡುವುದು ಹೆಚ್ಚು. ಆದರೆ ಕುಕ್ಕರಗಾಲಿನಲ್ಲಿ ಕೂತವಳ ಸೊಂಟ ದೋಣಿಯ ತಳಕ್ಕೆ ಅಂಟಿಕೊಂಡಿರುತ್ತದೆಯೆ? ಅದು ಈಗಾಗಲೇ ಮುಕ್ಕಾಲು ಗೇಣಿನಷ್ಟು ಮೇಲೆಯೇ ಇದೆ. ಪೀಠವನ್ನೂ ಅಷ್ಟೇ ಎತ್ತರಕ್ಕೆ, ಅಂದರೆ ಆರೇಳು ಇಂಚಿಗೆ ಇಟ್ಟರೆ ಭಾರವೇನೂ ಮೇಲೇರುವುದಿಲ್ಲ. ಬದಲಾಗಿ, ಎರಡು ಪಾದಗಳ ಮೇಲೆ ತೂಗಾಡುತ್ತಿದ್ದ ಮೈ ಅಗಲವಾದ ಹಲಗೆಯ ಮೇಲೆ ನೆಲೆಗೊಳ್ಳುತ್ತದೆ. ಕಾಲು ಜೋಮು ಹಿಡಿದು ಹೊಳೆಯ ನಡುವೆ ಏಳಲು, ಹೊರಳಲು ಹೋದಾಗ ದೋಣಿ ಮಗುಚುವ ಅಪಾಯ ಹೆಚ್ಚೋ, ನೆಟ್ಟಗೆ ಕೂತಾಗ ಹೆಚ್ಚೋ? ನೀವೇ ಹೇಳಿ.

ಎರಡನೆಯದು, ಪೀಠ ಹಾಕಿದರೆ ಸಾಮಾನಿಗೆ ಜಾಗವಿಲ್ಲ. ಹೆಡಿಗೆಗೆ ಜಾಗವಿದೆ, ಹುಲ್ಲಿನ ಹೊರೆಗೆ ಜಾಗವಿದೆ, ಹೊತ್ತವಳಿಗೆ ಮಾತ್ರ ಇಲ್ಲ! ಇರಲಿ, ಇದಕ್ಕೂ ಉತ್ತರ ಕಷ್ಟದ್ದಲ್ಲ. ಪೀಠವನ್ನು ದೋಣಿಗೆ ಮೊಳೆ ಹೊಡೆದು ಕೂರಿಸಲೇಬಾರದು. ಒಂಟಿಮರದ ಪಾತಿಯಾದರೆ ಅದರ ಮೈಗೆ ತೂತು ಕೊರೆಯುವುದೇ ತಪ್ಪು, ನೀರು ಒಳಗೆ ಬರಲು ದಾರಿ ಮಾಡಿಕೊಟ್ಟಂತೆ. ಎರಡು ಗಿಡ್ಡ ಕಾಲುಗಳಿರುವ ಮಣೆಯನ್ನೇ ಮಾಡಿ, ಆ ಕಾಲುಗಳ ಅಡಿಯನ್ನು ದೋಣಿಯ ತಳದ ಬಾಗಿಗೆ ಸರಿಯಾಗಿ ಕೆತ್ತಿ, ಅಲುಗಾಡದಂತೆ ತೆಂಗಿನ ನಾರಿನ ಹಗ್ಗದಿಂದ ಅಡ್ಡಹಲಗೆಗೆ ಬಿಗಿದರೆ ಸಾಕು. ಹೊರೆ ಹೆಚ್ಚಿರುವ ದಿನ ಬಿಚ್ಚಿ ಎತ್ತಿಡಬಹುದು, ನೀರು ಮೊಗೆಯುವಾಗ ಸರಿಸಬಹುದು. ಮೊದಲಿನಿಂದ ಇರುವ ಅಡ್ಡಹಲಗೆಯನ್ನು ಮಾತ್ರ ತೆಗೆಯಬಾರದು. ಅದು ದೋಣಿಯ ಎರಡು ಬದಿಗಳನ್ನು ಹಿಡಿದು ನಿಲ್ಲಿಸುವ ಎಲುಬು.

ಮೂರನೆಯದು, ಮರ ನೀರಿನಲ್ಲಿ ಕೊಳೆಯುತ್ತದೆ. ದೋಣಿ ಯಾವುದರದ್ದು ಸ್ವಾಮಿ, ಮರದ್ದಲ್ಲವೆ? ಚೆನ್ನಾಗಿ ಬೆಳೆದ ಹಲಸಿನ ಕೆಚ್ಚು, ಹೆಬ್ಬಲಸು, ಇವು ನೀರಿಗೆ ಹೆದರುವ ಮರಗಳಲ್ಲ. ದೋಣಿಗೆ ಮೀನೆಣ್ಣೆ ಬಳಿಯುವುದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುವುದು ನಮ್ಮವರಿಗೆ ಹೊಸತಲ್ಲ. ಆ ಕಪ್ಪು ಎಣ್ಣೆ ಚರ್ಮವನ್ನು ಸುಡುತ್ತದೆ, ಆದ್ದರಿಂದ ಕೂರುವ ಜಾಗಕ್ಕೆ ಅದು ಬೇಡ. ಅಡಿಭಾಗಕ್ಕೆ ಬಳಿದು ಚೆನ್ನಾಗಿ ಒಣಗಿಸಿದರಾಯಿತು. ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿದು ಮರವನ್ನೂ ಸೀಳುತ್ತದೆ, ಹಿತ್ತಾಳೆಯ ಸ್ಕ್ರೂ ಬಳಸಬೇಕು. ಇದನ್ನೆಲ್ಲ ಆಚಾರಿಗೆ ನಾನು ಕಲಿಸಬೇಕೆ? ತೇರಿನ ಗಾಲಿ ಮಾಡುವ ಕೈಗೆ, ಹೆರೆಮಣೆಯಲ್ಲಿ ಕಾಯಿ ತುರಿಯುವವಳ ಭಾರಕ್ಕೆ ಸರಿಯಾಗಿ ಹಲಗೆ ಹೂಡಿದ ಕೈಗೆ, ಇದು ಅರ್ಧ ದಿನದ ಕೆಲಸ.

ಕೂರಲು ಹಿತವಾಗಬೇಕಾದರೆ ಇನ್ನು ನಾಲ್ಕೇ ಮಾತು. ಒಂದೇ ಹಲಗೆಗಿಂತ ಮೂರು ನಾಲ್ಕು ರೀಪು ಜೋಡಿಸಿ ನಡುವೆ ಕಿರುಬೆರಳಿನಷ್ಟು ಸಂದು ಬಿಡಬೇಕು. ನೀರು ಇಳಿಯುತ್ತದೆ, ಗಾಳಿ ಆಡುತ್ತದೆ, ಸೀರೆ ಬೇಗ ಆರುತ್ತದೆ. ಮುಂದಿನ ಅಂಚನ್ನು ಕೀಸುಳಿಯಿಂದ ದುಂಡಗೆ ಮಾಡಬೇಕು, ಇಲ್ಲದಿದ್ದರೆ ತೊಡೆಯ ಅಡಿಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಹಿಂದಕ್ಕೆ ಒರಗಲು ನಾಲ್ಕೈದು ಇಂಚಿನ ಒಂದು ಪಟ್ಟಿ ಸಾಕು, ಸೊಂಟಕ್ಕೆ ತಾಗುವಷ್ಟು. ಅದಕ್ಕಿಂತ ಎತ್ತರವಾದರೆ ಹುಟ್ಟು ಹಾಕುವ ಮೊಣಕೈಗೆ ಅಡ್ಡಿ. ಕೊನೆಯದು ಎಲ್ಲರೂ ಮರೆಯುವುದು: ಪಾದ ಊರಲು ಎದುರಿಗೊಂದು ಅಡ್ಡಪಟ್ಟಿ. ಹುಟ್ಟಿನ ಬಲ ತೋಳಿನಲ್ಲಿ ಮಾತ್ರ ಇಲ್ಲ, ಅದು ಹಿಮ್ಮಡಿಯಿಂದ ಏಳುತ್ತದೆ. ಕಾಲಿಗೆ ಆನಿಕೆಯಿಲ್ಲದೆ ಹುಟ್ಟು ಎಳೆಯುವವಳು ತನ್ನ ಶಕ್ತಿಯನ್ನು ಸುಮ್ಮನೆ ಹೊಳೆಗೆ ಚೆಲ್ಲುತ್ತಿರುತ್ತಾಳೆ. ಸುಖವಾಗಿ ಕೂರುವುದೆಂದರೆ ಸೋಮಾರಿತನವಲ್ಲ, ಅದೂ ಕೆಲಸದ ಒಂದು ಭಾಗವೇ.

ಈ ಮೂರು ಕಾರಣಗಳಿಗೆ ಉತ್ತರ ಕೊಟ್ಟ ಮೇಲೆ ನಾಲ್ಕನೆಯದು ಬರುತ್ತದೆ. ಅದೇ ನಿಜವಾದ ಕಾರಣ. "ನಮ್ಮ ಅಬ್ಬಿ, ಅಜ್ಜಿ ಎಲ್ಲ ಹೀಗೇ ಕೂತು ಹೋಗಲಿಲ್ವಾ?" ಹೋದರು. ಅವರ ಮಂಡಿ ಏನಾಯಿತು, ಸೊಂಟ ಏನಾಯಿತು ಎಂದು ಯಾರೂ ಬರೆದಿಡಲಿಲ್ಲ. ಐವತ್ತಕ್ಕೆ ಬೆನ್ನು ಬಾಗಿದರೆ 'ವಯಸ್ಸಾಯಿತು' ಎಂದೆವು. ವಯಸ್ಸಿನ ಮೇಲೆ ಹಾಕಿದ ಆ ತಪ್ಪಿನಲ್ಲಿ ಒಂದು ಪಾಲು ಹಲಗೆಯದು. ಇಲ್ಲದಿದ್ದ ಹಲಗೆಯದು.

ಈಗ ಸಾಲಿಗ್ರಾಮದ ಪಾರಂಪಳ್ಳಿಗೆ ಬನ್ನಿ. ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ, ಊರಿನ ಹುಡುಗರು ಕಯಾಕ್ ನಡೆಸುತ್ತಿದ್ದಾರೆ. ಬೆಂಗಳೂರಿನಿಂದ ಬಂದವರು ಬಣ್ಣ ಬಣ್ಣದ ಪ್ಲಾಸ್ಟಿಕ್ ದೋಣಿಯಲ್ಲಿ ಕೂತು ತೇಲುತ್ತಾರೆ. ಆ ಹುಡುಗರ ಮೇಲೆ ನನಗೆ ತಕರಾರಿಲ್ಲ, ಊರಿಗೆ ನಾಲ್ಕು ಕಾಸು ಬರಲಿ. ಆದರೆ ಆ ದೋಣಿಯನ್ನು ಒಮ್ಮೆ ಗಮನಿಸಿ: ಕೂರಲು ಮೈಗೆ ಹೊಂದುವ ತಗ್ಗು, ಬೆನ್ನಿಗೆ ಆಸರೆ, ಪಾದಕ್ಕೆ ಆನಿಕೆ. ಮೋಜಿಗೆ ಬಂದವರ ಒಂದು ಗಂಟೆಗೆ ಇಷ್ಟೆಲ್ಲ ಯೋಚನೆ. ಅದೇ ಹೊಳೆಯಲ್ಲಿ ಹೊಟ್ಟೆಪಾಡಿಗೆ ದಿನವಿಡೀ ಇರುವವಳಿಗೆ ಕುಕ್ಕರಗಾಲು. ದೋಣಿ ಮಗುಚುತ್ತದೆ ಎಂಬ ಶಾಸ್ತ್ರ ದುಡ್ಡು ಕೊಟ್ಟು ಕೂರುವವರಿಗೆ ಯಾಕೆ ಅನ್ವಯಿಸುವುದಿಲ್ಲವೋ!

ಈ ಕಯಾಕ್ ಎಂಬುದು ಬೆಂಗಳೂರಿನವರದ್ದೂ ಅಲ್ಲ, ಉತ್ತರ ಧ್ರುವದ ಕಡೆಯ ಹಿಮದ ನಾಡಿನ ಇನ್ಯೂಟ್ ಜನರದ್ದು. ಅವರು ಅದನ್ನು ಕಟ್ಟುತ್ತಿದ್ದುದು ನಡೆಸುವವನ ಮೈಯ ಅಳತೆಗೇ: ಅವನ ಚಾಚಿದ ತೋಳು, ಅವನ ಸೊಂಟ, ಅವನ ಮುಷ್ಟಿ ಇವೇ ಅಳತೆಗೋಲು. ಅವರಲ್ಲೇ ಉಮಿಯಾಕ್ ಎಂಬ ಇನ್ನೊಂದು ದೊಡ್ಡ ದೋಣಿಯಿತ್ತು. ಗ್ರೀನ್‌ಲ್ಯಾಂಡಿಗೆ ಹೋದ ಯುರೋಪಿನವರು ಅದನ್ನು 'ಹೆಂಗಸರ ದೋಣಿ' ಎಂದು ಕರೆದರು, ಏಕೆಂದರೆ ಅದರ ಹುಟ್ಟು ಹಾಕುತ್ತಿದ್ದವರು ಹೆಂಗಸರೇ. ಅದರಲ್ಲಿ ಅವರು ಕೂತಿದ್ದು ಅಡ್ಡಹಲಗೆಗಳ ಮೇಲೆ, ತಳದ ನೀರಿನಲ್ಲಲ್ಲ. ಮರವೇ ಬೆಳೆಯದ ನಾಡಿನವರು ತೇಲಿಬಂದ ಮರದ ತುಂಡುಗಳನ್ನು ಆಯ್ದು ತಮ್ಮ ಹೆಂಗಸರಿಗೆ ಹಲಗೆ ಹಾಕಿದರು. ಹಿತ್ತಲಲ್ಲೇ ಹಲಸಿನ ಮರವಿರುವ ನಾವು ಹಾಕಲಿಲ್ಲ.

ಇದು ಚಿಪ್ಪು ಹೆಕ್ಕುವವರ ಕತೆ, ಪೇಟೆಯಲ್ಲಿರುವ ನಮಗೇನು ಎನ್ನಬೇಡಿ. ಆಷಾಢದ ಮಳೆಗೆ ಸೌಪರ್ಣಿಕಾ ಉಕ್ಕಿದಾಗ ಬೈಂದೂರು ತಾಲೂಕಿನ ನಾವುಂದದ ಸಾಲ್ಬುಡ, ನಾಡ, ಬಡಾಕೆರೆಯ ಕಡೆ ಮನೆಯಂಗಳಕ್ಕೆ ದೋಣಿ ಬರುವುದನ್ನು ಪತ್ರಿಕೆಗಳಲ್ಲಿ ನೋಡುತ್ತೀರಿ. ಆ ದೋಣಿಯಲ್ಲಿ ಯಾರಿರುತ್ತಾರೆ? ಮಂಡಿ ಮಡಚಲಾಗದ ಅಜ್ಜಿ, ತುಂಬು ಬಸುರಿ, ಬಾಣಂತಿ. ಅವರಲ್ಲಿ ಒಬ್ಬರು ನಿಮ್ಮ ತವರಿನವರೇ ಆಗಿರಬಹುದು. ಅವರನ್ನು ಕೂರಿಸುವುದೆಲ್ಲಿ? ಪ್ಲಾಸ್ಟಿಕ್ ಕುರ್ಚಿಯೊಂದನ್ನು ದೋಣಿಯೊಳಗಿಟ್ಟು ಕೂರಿಸುವುದನ್ನೂ ಕಂಡಿದ್ದೇನೆ. ಎತ್ತರದ, ಜಾರುವ, ಯಾವುದಕ್ಕೂ ಕಟ್ಟಿರದ ಕುರ್ಚಿ. ದೋಣಿ ಮಗುಚುತ್ತದೆ ಎನ್ನುವುದಾದರೆ ಅಲ್ಲಿ ಎನ್ನಬೇಕು. ತಗ್ಗಿನ, ಬಿಗಿದು ಕಟ್ಟಿದ ಮರದ ಪೀಠ ಮೊದಲೇ ಇದ್ದಿದ್ದರೆ ಆ ಕುರ್ಚಿಯ ಕೆಲಸವೇ ಇರುತ್ತಿರಲಿಲ್ಲ.

ದೋಣಿಯ ಎಂಜಿನ್ನಿಗೆ ಸಹಾಯಧನ ಬಂದಿದೆ, ಸೀಮೆಎಣ್ಣೆಗೆ ರಿಯಾಯಿತಿ ಬಂದಿದೆ. ಅವೆಲ್ಲ ದೋಣಿಯ ಹೊಟ್ಟೆಗೆ. ಒಳಗೆ ಕೂತ ಮೈಗೆ ಏನು ಬಂದಿದೆ? ಸರಕಾರ ಕೊಡಲಿ ಎಂದು ನಾನು ಕಾಯುವವಳಲ್ಲ. ನಾಲ್ಕು ರೀಪು, ಎರಡು ಗಿಡ್ಡ ಕಾಲು, ಒಂದು ಹಿಡಿ ಹಿತ್ತಾಳೆ ಸ್ಕ್ರೂ, ಒಂದು ಮಾರು ಹಗ್ಗ, ಆಚಾರಿಯ ಅರ್ಧ ದಿನದ ಸಂಬಳ. ಮದುವೆಗೆ ಕೊಳ್ಳುವ ಒಂದು ರೇಷ್ಮೆ ಸೀರೆಯ ಸೆರಗಿಗೂ ಸಾಲದ ಹಣ. ನಿಮ್ಮ ತವರಿನಲ್ಲೋ ಗಂಡನ ಮನೆಯಲ್ಲೋ ದೋಣಿಯಿದ್ದರೆ, ಈ ಸಲ ಹೋದಾಗ ಅದನ್ನು ನಡೆಸುವವರ ಹತ್ತಿರ ಒಂದು ಮಾತು ಕೇಳಿ, ಎಲ್ಲಿ ಕೂರುತ್ತೀರಿ ಎಂದು. ನಿಮ್ಮ ಸ್ವಸಹಾಯ ಸಂಘದಲ್ಲಿ ದೋಣಿಯವರಿದ್ದರೆ ಮುಂದಿನ ಸಭೆಯಲ್ಲಿ ಈ ಮಾತೆತ್ತಿ. ಹೊಸ ದೋಣಿಗೆ ಮುಂಗಡ ಕೊಡುವವರು ನೀವಾದರೆ, ಪೀಠವಿಲ್ಲದೆ ದೋಣಿ ಬೇಡವೆನ್ನಿ.

ನಮ್ಮ ಆಚಾರಿ ಕೊನೆಗೂ ಮಾಡಿಕೊಟ್ಟರು. ನಗುತ್ತಲೇ ಮಾಡಿದರು, ಚೆನ್ನಾಗಿ ಮಾಡಿದರು. ಅತ್ತಿಗೆ ಮೊದಲ ದಿನ ಅದರ ಮೇಲೆ ಕೂತವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ದಡದ ಕಡೆ ತಿರುಗಿ ನೋಡಿದರಂತೆ. ನನ್ನ ಸಿಟ್ಟು ಇರುವುದು ಹಲಗೆಯ ಮೇಲಲ್ಲ, ಆ ತಿರುಗಿ ನೋಡುವಿಕೆಯ ಮೇಲೆ. ಸುಖವಾಗಿ ಕೂತದ್ದಕ್ಕೆ ಹೆಂಗಸೊಬ್ಬಳು ಸಂಕೋಚಪಡಬೇಕಾದ ಕಾಲ ಇನ್ನೆಷ್ಟು ದಿನ? ಹಲಗೆಯನ್ನು ಆಚಾರಿ ಮಾಡಿಕೊಡಬಲ್ಲರು. ಆ ಸಂಕೋಚವನ್ನು ಬಿಡಿಸುವುದು ಮಾತ್ರ ನಮ್ಮ ನಮ್ಮೊಳಗಿನ ಕೆಲಸ.