ಬೆಲ್ಟಿನ ಬಣ್ಣವೂ ಮಗುವಿನ ಭಾಷೆಯೂ

ನಮ್ಮ ಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿ ಓದುತ್ತಿದ್ದಾಳೆ. ಕರಾಟೆಗೆ ಸೇರಿ ವರ್ಷವಾಯಿತು. ಕಳೆದ ಸಲದ ಬೆಲ್ಟ್ ಪರೀಕ್ಷೆಯಲ್ಲಿ ಅವಳು ಹಿಂದೆ ಉಳಿದಳು. ಕೈಕಾಲುಗಳಲ್ಲಿ ಬಲವಿಲ್ಲದೆ ಅಲ್ಲ. ಭಾರವನ್ನು ಯಾವ ಕಾಲಿನ ಮೇಲೆ ಹಾಕಬೇಕೆಂದು ಮಲೆಯಾಳದಲ್ಲಿ ಹೇಳಿಕೊಟ್ಟದ್ದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ಮತ್ತೆ ಕೇಳಲು ನಾಚಿಕೆ. ಒಂದು ವರ್ಷ ತಪ್ಪನ್ನೇ ಅಭ್ಯಾಸ ಮಾಡಿದಳು.

ವರ್ಕಾಡಿಯಂತಹ ಗಡಿಯೂರಿನ ಹೆತ್ತವರು ಈ ವಿದ್ಯೆಯ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಕರಾಟೆಯಲ್ಲಿ ಮೂರು ಭಾಗಗಳಿವೆ. ನಿಲುವು, ಹೊಡೆತ, ತಡೆ ಇವುಗಳ ಮೂಲಪಾಠ ‘ಕಿಹೊನ್’. ಎದುರಾಳಿ ಇದ್ದಾನೆಂದು ಭಾವಿಸಿ ಕ್ರಮ ತಪ್ಪದೆ ಮಾಡುವ ಚಲನೆಗಳ ಮಾಲೆ ‘ಕಟಾ’. ಇಬ್ಬರು ಎದುರುಬದುರು ನಿಂತು ಮಾಡುವುದು ‘ಕುಮಿತೆ’. ಬಿಳಿ ಬೆಲ್ಟಿನಿಂದ ಹೊರಟು ಹಳದಿ, ಹಸಿರು, ಕಂದು ಎಂದು ಮೇಲೇರುವ ಮೆಟ್ಟಿಲುಗಳಿಗೆ ‘ಕ್ಯೂ’ ಎನ್ನುತ್ತಾರೆ. ಅದರ ಸಂಖ್ಯೆ ಇಳಿಯುತ್ತಾ ಒಂದಕ್ಕೆ ಬರುತ್ತದೆ. ಕಪ್ಪು ಬೆಲ್ಟಿನಿಂದ ‘ಡಾನ್’ ಆರಂಭ. ಅದರ ಸಂಖ್ಯೆ ಏರುತ್ತದೆ. ಮೊದಲ ಡಾನ್‌ಗೆ ‘ಶೊದಾನ್’ ಎಂದು ಹೆಸರು. ಆರಂಭದ ಮೆಟ್ಟಿಲು ಎಂದೇ ಅದರ ಅರ್ಥ. ಕಪ್ಪು ಬೆಲ್ಟು ಕೊನೆಯಲ್ಲ, ಕಲಿಯಲು ಸಿದ್ಧನಾದುದರ ಗುರುತು. ಕ್ರಮವಾಗಿ ಅಭ್ಯಾಸ ಮಾಡಿದವರಿಗೂ ಅಲ್ಲಿಗೆ ಮುಟ್ಟಲು ಹಲವು ವರ್ಷ ಬೇಕು.

ಬಣ್ಣಗಳ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಶೊಟೊಕಾನ್, ಗೊಜುರ‍್ಯೂ ಮುಂತಾದ ಪಂಥಗಳಿವೆ, ಪ್ರತಿಯೊಂದರಲ್ಲೂ ಹಲವು ಸಂಸ್ಥೆಗಳಿವೆ. ಒಂದು ಸಂಸ್ಥೆಯ ಪ್ರಮಾಣಪತ್ರವನ್ನು ಇನ್ನೊಂದು ಒಪ್ಪಬೇಕೆಂದಿಲ್ಲ. ಹಣ ಕಟ್ಟುವ ಮೊದಲು ಇದನ್ನು ವಿಚಾರಿಸಬೇಕು.

‘ಆಟಕ್ಕೆ ಭಾಷೆ ಯಾಕೆ?’ ಎಂದು ಕೇಳುವವರಿದ್ದಾರೆ. ಇಚಿ, ನಿ, ಸಾನ್ ಎಂಬ ಎಣಿಕೆ ಜಪಾನಿನದು. ಅದು ಯಾವ ಮಾಧ್ಯಮದ ಮಗುವಿಗೂ ಹೊಸತು. ಅಲ್ಲಿ ಎಲ್ಲರೂ ಸಮಾನರು. ಆದರೆ ಹೀಗೇಕೆ, ಎಲ್ಲಿ ಹೊಡೆಯಬಾರದು, ಯಾವಾಗ ನಿಲ್ಲಿಸಬೇಕು ಎಂಬ ವಿವರಣೆ ಬಂದಾಗ ಸಮಾನತೆ ಮುರಿಯುತ್ತದೆ. ಕುಮಿತೆಯಲ್ಲಿ ಎಚ್ಚರಿಕೆಯ ಮಾತು ತಿಳಿಯದ ಮಗು ಪೆಟ್ಟು ತಿನ್ನುತ್ತದೆ, ಇಲ್ಲವೆ ಪೆಟ್ಟು ಕೊಡುತ್ತದೆ.

ಕರಾಟೆ ಹುಟ್ಟಿದ ನಾಡಿನ ಕಥೆಯನ್ನೂ ನಾವು ನೆನಪಿಡಬೇಕು. ಅದು ಒಕಿನಾವಾ ದ್ವೀಪ. 1879ರಲ್ಲಿ ಜಪಾನ್ ಅಲ್ಲಿನ ರಾಜ್ಯವನ್ನು ರದ್ದುಗೊಳಿಸಿ ತನ್ನದೊಂದು ಪ್ರಾಂತವನ್ನಾಗಿ ಮಾಡಿಕೊಂಡಿತು. 20ನೆಯ ಶತಮಾನದ ಆರಂಭದಲ್ಲಿ ಇತೊಸು ಅಂಕೊ ಎಂಬ ಗುರು ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದರು. ಮಕ್ಕಳಿಗೆ ಸುಲಭವಾಗಲೆಂದು ‘ಪಿನಾನ್’ ಎಂಬ ಐದು ಕಟಾಗಳನ್ನು ರೂಪಿಸಿದರು. ಆ ಕಾಲದಲ್ಲೇ ಒಕಿನಾವಾದ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಶಿಕ್ಷೆಯಾಗಿ ಹಲಗೆ ತೂಗುಹಾಕುತ್ತಿದ್ದರು. ಮುಂದೆ ಕರಾಟೆ ಲೋಕವೆಲ್ಲ ಹಬ್ಬಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸನ್ನೂ ಮುಟ್ಟಿತು. ಒಕಿನಾವಾದ ಮಾತು ಮಾತ್ರ 2009ರಲ್ಲಿ ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿ ಸೇರಿತು. ವಿದ್ಯೆ ಗೆದ್ದಿತು, ಅದನ್ನು ಹೆತ್ತ ಮಾತು ಸೋತಿತು.

ನಮ್ಮ ಮಕ್ಕಳು ಮಲೆಯಾಳ ಕಲಿಯಲಿ, ಅದು ಈ ನೆಲದ ಮಾತು. ಜಪಾನಿನ ಎಣಿಕೆಯನ್ನೂ ಕಲಿಯಲಿ. ಆದರೆ ವಿವರಣೆ ಕನ್ನಡದಲ್ಲಿ ಸಿಗಲಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಕರಾಟೆಯನ್ನು ಕುರಿತು ಬರೆದದ್ದಲ್ಲ. ಅದರ ಹಿಂದಿನ ನ್ಯಾಯ ಮಾತ್ರ ಆಟದ ಬಯಲಿಗೂ ಸಲ್ಲುತ್ತದೆ.

ಶಾಲೆಯಲ್ಲಿ ತರಬೇತಿ ಆರಂಭವಾಗುವಾಗ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದುನಿಂತು ಮೂರು ಪ್ರಶ್ನೆ ಕೇಳೋಣ. ಯಾವ ಭಾಷೆಯಲ್ಲಿ ಹೇಳಿಕೊಡುತ್ತೀರಿ? ಪ್ರಮಾಣಪತ್ರ ಯಾವ ಸಂಸ್ಥೆಯದು? ಪ್ರತಿ ಪರೀಕ್ಷೆಗೆ ಖರ್ಚೆಷ್ಟು? ಮಾಸ್ತರರಿಗೆ ಕನ್ನಡ ಬಾರದಿದ್ದರೆ ಜಗಳ ಬೇಡ. ಎರಡೂ ಭಾಷೆ ಬಲ್ಲ ದೊಡ್ಡ ಮಕ್ಕಳೊಬ್ಬರನ್ನು ಜತೆಗೆ ನಿಲ್ಲಿಸಿದರೂ ಸಾಕು.

ನಮ್ಮ ಹುಡುಗಿ ಈಗ ಮತ್ತೆ ಹಳದಿ ಬೆಲ್ಟಿಗೆ ಅಭ್ಯಾಸ ಮಾಡುತ್ತಿದ್ದಾಳೆ. ತಡವಾದರೆ ಬೇಸರವಿಲ್ಲ. ತಿಳಿದು ಕಲಿತರೆ ಸಾಕು.